ನಂಬರ್ ಕೊಟ್ಟಾದ ಮೇಲೆ

ಕುಕನೂರು
೧೧ ಏಪ್ರಿಲ್ ೨೦೨೬, ಶನಿವಾರ

ಪ್ರೀತಿಯ ಮಗಳು ಮಹೇಶ್ವರಿಗೆ,

ಅವ್ವನ ಆಶೀರ್ವಾದ. ಮೈಯಲ್ಲಿ ಅರಾಮ ಇದ್ದೀಯಾ? ರಾತ್ರಿ ಪಾಳಿ ಮುಗಿಸಿ ಬಂದ ದಿನ ಕಣ್ಣು ಉರಿಯುತ್ತವೆ ಅನ್ನುತ್ತಿದ್ದೆ, ಈಗ ಹೇಗಿವೆ? ತಲೆಗೆ ಹರಳೆಣ್ಣೆ ಹಚ್ಚಿಕೊಂಡು ಮಲಗು ಎಂದು ಸಾವಿರ ಸಲ ಹೇಳಿದ್ದೇನೆ, ನೀನು ಕೇಳುವವಳಲ್ಲ. ತಲೆಗೆ ಬೇಡವಾದರೆ ಅಂಗಾಲಿಗಾದರೂ ಹಚ್ಚಿಕೋ, ಅಂಗಾಲು ಯಾರ ಕಣ್ಣಿಗೂ ಬೀಳುವುದಿಲ್ಲ. ಊಟ ಏನು ಮಾಡುತ್ತೀ? ಮೊದಲು ನಿನ್ನ ತಮ್ಮ ಪರಮೇಶ ಅಲ್ಲೇ ಹೈದರಾಬಾದಿನಲ್ಲಿದ್ದಾಗ ಆದಿತ್ಯವಾರ ಬಂದರೆ ಅವನಿಗೋಸ್ಕರವಾದರೂ ರೊಟ್ಟಿ ಬಡಿಯುತ್ತಿದ್ದೆ. ಈಗ ಒಬ್ಬಳಿಗೆ ಏನು ಬಡಿಯುವುದು ಎಂದು ಬಿಸಿನೀರಿನಲ್ಲಿ ಆ ಶಾವಿಗೆಯಂಥದ್ದನ್ನು ಅದ್ದಿ ತಿನ್ನುತ್ತಿರಬೇಕು. ನನ್ನದು ಕೇಳಿದರೆ ಬೀಪಿ ಗುಳಿಗೆ ನಡೆದಿದೆ, ಮೊಣಕಾಲು ಅದರ ಪಾಡಿಗೆ ಅದು ನೋಯುತ್ತಿದೆ. ಉಣ್ಣುತ್ತೇನೆ, ತಿರುಗಾಡುತ್ತೇನೆ. ನಾಲಿಗೆಗೆ ಮಾತ್ರ ಉಪ್ಪು ಖಾರ ತಿಳಿಯುವುದಿಲ್ಲ. ಮೊನ್ನೆ ಸೊಸೆ ರೇಣುಕಾ ಪುಂಡಿಪಲ್ಲೆಗೆ ಎರಡು ಸಲ ಉಪ್ಪು ಹಾಕಿದ್ದಳಂತೆ. ಪರಮೇಶ ತಾಟು ಸರಿಸಿದ ಮೇಲೆಯೇ ನನಗೆ ಗೊತ್ತಾಗಿದ್ದು. ಅಷ್ಟರಲ್ಲಿ ನಾನು ಒಂದು ರೊಟ್ಟಿ ಮುಗಿಸಿದ್ದೆ.

ಕೈಯಲ್ಲಿ ಫೋನಿದ್ದೂ ಇದೇನು ಕಾಗದ ಎಂದು ನಗಬೇಡ. ಫೋನಿನಲ್ಲಿ ನೀನು 'ಅರಾಮ ಅದೀಯೇನವ್ವಾ' ಅನ್ನುತ್ತೀ, ನಾನು 'ಅರಾಮ ಅದೀನಿ' ಅನ್ನುತ್ತೇನೆ, ಆಮೇಲೆ ಇಬ್ಬರೂ ಸುಮ್ಮನೆ ಉಸಿರು ಕೇಳಿಸಿಕೊಂಡು ಇಡುತ್ತೇವೆ. ಅಂಗನವಾಡಿಯಲ್ಲಿ ಇಪ್ಪತ್ತೆಂಟು ವರ್ಷ ವರದಿ ಬರೆದ ಕೈ ಇದು, ಬಾಯಿಗಿಂತ ಛಲೋ ನಡೆಯುತ್ತದೆ. ಮನೆಯ ಸುದ್ದಿ ಹೇಳುತ್ತೇನೆ, ಕೇಳು. ಎಮ್ಮೆ ಈದು ಇಪ್ಪತ್ತು ದಿನವಾಯಿತು, ಹೆಣ್ಣು ಕರು. ನಿನ್ನ ಪಾಲಿನ ಗಿಣ್ಣ ಪಕ್ಕದ ಮನೆಯ ಹುಸೇನಬೀಗೆ ಹೋಯಿತು. ಅವಳ ಸೊಸೆ ಅತೀಯಾಳ ಕೂಸು ಈಗ ಗೋಡೆ ಹಿಡಿದು ನಮ್ಮ ಕಟ್ಟೆಯ ತನಕ ನಡೆದು ಬರುತ್ತದೆ, ಬಂದು ನಿಮ್ಮ ಅಪ್ಪ ಕೂರುತ್ತಿದ್ದ ಜಾಗದಲ್ಲೇ ಉಚ್ಚೆ ಹೊಯ್ಯುತ್ತದೆ. ರೇಣುಕಾ ತವರಿಗೆಂದು ಕುಷ್ಟಗಿಗೆ ಹೋದವಳು ಎಂಟೇ ದಿನಕ್ಕೆ ತಿರುಗಿ ಬಂದಳು. ಅತ್ತೆಯನ್ನು ಬಿಟ್ಟಿರಲಾರೆ ಅಂತಲ್ಲ, ಅಲ್ಲಿ ನೀರಿನ ತ್ರಾಸಂತೆ. ಪರಮೇಶ ದಿನಾ ಬಸ್ಸಿಗೆ ಕೊಪ್ಪಳಕ್ಕೆ ಹೋಗಿಬರುತ್ತಾನೆ. ಹೈದರಾಬಾದಿನ ಆಸ್ಪತ್ರೆಯಲ್ಲಿ ಮಾಡುತ್ತಿದ್ದ ಡಯಾಲಿಸಿಸ್ ಮಷೀನಿನ ಕೆಲಸವೇ ಇಲ್ಲಿಯೂ, ಪಗಾರ ಮಾತ್ರ ಕಮ್ಮಿ. ಹುಣ್ಣಿಮೆಗೆ ಹುಲಿಗಿಗೆ ಹೋಗಿದ್ದೆ. ಹುಲಿಗೆಮ್ಮನ ಮುಂದೆ ನಿಂತೆ, ಏನು ಬೇಡಿಕೊಳ್ಳಬೇಕೆಂದು ನೆನಪಾಗಲಿಲ್ಲ. ಹಿಂದಿನವರು ನೂಕಿದರು, ಹೊರಗೆ ಬಂದೆ.

ಬರುವ ತಿಂಗಳು ನಿಮ್ಮ ಅಪ್ಪನ ವರ್ಷದ ಕಾರ್ಯ. ಮೊನ್ನೆ ನಿಮ್ಮ ದೊಡ್ಡಪ್ಪ ಗವಿಸಿದ್ದಪ್ಪನವರು ದಿನ ಗೊತ್ತು ಮಾಡಲು ಯಲಬುರ್ಗಾದಿಂದ ಬಂದಿದ್ದರು. ಎಲೆ ಅಡಿಕೆ ಹಾಕಿಕೊಳ್ಳುತ್ತ 'ಮಗಳು ಬರ್ತಾಳೇನು ಭೀಮಕ್ಕ?' ಎಂದರು. ನಾನು ಬಾಯಿ ತೆರೆಯುವುದಕ್ಕೆ ಮೊದಲೇ ಪರಮೇಶ 'ಆಕಿ ಬಂದ್ರ ನಾ ಅವತ್ತ ಡ್ಯೂಟಿಗೆ ಹೋಗ್ತೀನಿ' ಎಂದು ಎದ್ದು ಹೋದ. ಹನ್ನೊಂದು ತಿಂಗಳಿನಿಂದ ಅವನ ಬಾಯಲ್ಲಿ ನಿನಗೆ ಹೆಸರಿಲ್ಲ, ಅಕ್ಕ ಎಂಬುದೂ ಇಲ್ಲ, ಬರೀ 'ಆಕಿ'. ಹುಟ್ಟಿದಾಗಿನಿಂದ ನಿನ್ನ ಲಂಗ ಹಿಡಿದುಕೊಂಡೇ ತಿರುಗಿದವನು. ಮಗಳೇ, ನನಗೆ ಈಗ ಬೇಕಾಗಿರುವುದು ಒಂದೇ. ಅವತ್ತು ನೀವಿಬ್ಬರೂ ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು. ಅದಕ್ಕೇ ಈ ಕಾಗದ.

ನೀನು ಹುಟ್ಟಿದ ದಿನದ ಕಥೆಯನ್ನು ನಿಮ್ಮ ಅಪ್ಪ ನಗುತ್ತ ಹೇಳುತ್ತಿದ್ದರು, ನಾನು ಬೈಯುತ್ತ ಹೇಳುತ್ತಿದ್ದೆ. ಇವತ್ತು ಬೈಯದೆ ಬರೆಯುತ್ತೇನೆ. ಆಗ ಅವರು ಭಾನಾಪುರದ ಆಚೆ ರೈಲ್ವೆ ಗೇಟಿನಲ್ಲಿದ್ದರು. ಗಾಡಿ ಬರುತ್ತಿದೆ ಎಂದು ಸ್ಟೇಷನ್ ಮಾಸ್ತರರು ಫೋನು ಮಾಡಿದರೆ ಗೇಟು ಹಾಕಿ, ಬೀಗ ಬಡಿದು, ತಮ್ಮ ಪುಸ್ತಕದಲ್ಲಿದ್ದ ಒಂದು ನಂಬರನ್ನು ಅವರಿಗೆ ಹೇಳಬೇಕು. ನಂಬರ್ ಕೊಟ್ಟರೆಂದರೆ ಗೇಟು ಹಾಕಿದೆ ಎಂದು ಮಾತು ಕೊಟ್ಟಂತೆ. ಆಮೇಲೆ ಗಾಡಿ ದಾಟುವ ತನಕ ದೇವರು ಬಂದರೂ ತೆಗೆಯುವಂತಿಲ್ಲ. ನನಗೆ ಬೇನೆ ಎದ್ದಿತ್ತು, ಎತ್ತಿನ ಗಾಡಿಯಲ್ಲಿ ಕೊಪ್ಪಳದ ದವಾಖಾನೆಗೆ ಹೊರಟಿದ್ದೆವು, ಜೊತೆಗೆ ಸೂಲಗಿತ್ತಿ ಬಸವಣ್ಣೆಮ್ಮ. ನೋಡಿದರೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ಎಲ್ಲೋ ಸಿಗ್ನಲ್ಲಿನಲ್ಲಿ ನಿಂತುಬಿಟ್ಟಿತ್ತು, ಬರಲೊಲ್ಲದು. ಬಸವಣ್ಣೆಮ್ಮ ಗೇಟು ಹಿಡಿದು ಅಲುಗಾಡಿಸಿ 'ಹೇಂತಿ ಸಾಯಾಕತ್ತ್ಯಾಳೋ ಪಕ್ಕೀರಪ್ಪಾ, ತೆಗಿಯೋ' ಎಂದು ಊರು ಕೇಳುವ ಹಾಗೆ ಒದರಿದಳು. ಅವರು ಹಸಿರು ಬಾವುಟ ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದರು. 'ನಂಬರ್ ಕೊಟ್ಟೀನಿ' ಎಂದರು. ಅಷ್ಟೇ. ಮುಕ್ಕಾಲು ತಾಸಿನ ಮೇಲೆ ಗಾಡಿ ದಾಟಿತು. ಅಷ್ಟರಲ್ಲಿ ನೀನು ಎತ್ತಿನ ಗಾಡಿಯ ಹುಲ್ಲಿನ ಮೇಲೆ ಬಂದು ಅಳುತ್ತಿದ್ದೆ.

ಎಷ್ಟು ವರ್ಷ ಅವರನ್ನು ಹಂಗಿಸಿದೆನೋ ಲೆಕ್ಕವಿಲ್ಲ. 'ಹಾಕಿದ್ರ ಬೈಗುಳ, ತೆಗೆದ್ರ ಹೆಣ, ಯಾವುದು ಬೇಕು ಹೇಳು' ಎನ್ನುತ್ತಿದ್ದರು. ನಿನಗೆ ವಿಮಾನದ ಟವರಿನಲ್ಲಿ ನೌಕರಿ ಸಿಕ್ಕಾಗ ಅದೇನು ಕೆಲಸ ಎಂದು ನಿನ್ನನ್ನು ಕೂರಿಸಿ ಕೇಳಿದ್ದು ನೆನಪಿದೆಯಾ? ಗುಡುಗು ಮಿಂಚು ಇದ್ದರೆ ಕೆಳಗಿನ ವಿಮಾನಗಳನ್ನು ಸಾಲಾಗಿ ನಿಲ್ಲಿಸಬೇಕು, ಮೇಲೆ ಸುತ್ತುತ್ತಿರುವುದರಲ್ಲಿ ಎಣ್ಣೆ ಕಡಿಮೆಯಾಗಿದ್ದರೆ ಅದನ್ನು ಮೊದಲು ಇಳಿಸಬೇಕು, ದಾರಿ ಸಾಫ್ ಆಗುವ ತನಕ ಒಂದನ್ನೂ ಬಿಡುವಂತಿಲ್ಲ, ಒಳಗೆ ಯಾರೇ ಕೂತಿರಲಿ ಎಂದೆಲ್ಲ ನೀನು ಹೇಳಿದೆ. ಅವರು ಮೀಸೆಯಲ್ಲೇ ನಕ್ಕು 'ಹಂಗಂದ್ರ ನಂದ ಕೆಲಸ ಬಿಡು, ಗೇಟು ಅಷ್ಟ ದೊಡ್ಡದು' ಎಂದಿದ್ದರು. ಓಣಿಯ ತುಂಬ ಹಾಗೆಯೇ ಹೇಳಿಕೊಂಡು ತಿರುಗಿದರು.

ಇನ್ನು ಆ ದಿನದ ಮಾತು. ನಿನಗೆ ಗೊತ್ತಿರುವುದು ಅರ್ಧ, ಪರಮೇಶನಿಗೆ ಗೊತ್ತಿರುವುದು ಇನ್ನರ್ಧ, ಇಬ್ಬರಿಗೂ ಒಂದೇ ಸಲ ಯಾರೂ ಹೇಳಿಲ್ಲ. ಅವರು ಬೆಳಿಗ್ಗೆ ಎದ್ದು ಎಮ್ಮೆಗೆ ಮೇವು ಹಾಕಿ ಕಟ್ಟೆಯ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದರು. ಚಹಾ ತಂದು 'ತಗೋರಿ' ಎಂದು ಮೂರು ಸಲ ಅಂದೆ. ನಾಲ್ಕನೆಯ ಸಲ ಅನ್ನಲಿಲ್ಲ. ನನಗೆ ಏನೂ ಅನಿಸಲಿಲ್ಲ ಮಗಳೇ, ಚಹಾ ಆರುತ್ತದೆ ಎಂದು ಅನಿಸಿತು. ಒಳಗೆ ಹೋಗಿ ಅದನ್ನು ಪಾತ್ರೆಗೆ ಸುರಿದು ಮುಚ್ಚಿಟ್ಟು ಬಂದೆ. ಆಮೇಲೆ ಹುಸೇನಬೀಯನ್ನು ಕರೆದೆ. ನೀನು ಆಗಲೇ ಡ್ಯೂಟಿಗೆ ಕೂತಿದ್ದೆ, ಫೋನು ಕಪಾಟಿನಲ್ಲಿ ಇಟ್ಟಿದ್ದೆ, ಎಂಟು ಗಂಟೆಗೆ ಬಿಡುವು ಸಿಕ್ಕಾಗ ಸುದ್ದಿ ನೋಡಿದೆ. ನೋಡಿದವಳೇ ನಿನಗೂ ತಮ್ಮನಿಗೂ ಮಧ್ಯಾಹ್ನದ ಹುಬ್ಬಳ್ಳಿ ವಿಮಾನಕ್ಕೆ ಎರಡು ಟಿಕೆಟು ತೆಗೆದೆ. ಹನ್ನೊಂದಕ್ಕೆ ನಿನ್ನ ಜಾಗಕ್ಕೆ ಇನ್ನೊಬ್ಬರು ಬರಬೇಕಿತ್ತು. ಬರಲಿಲ್ಲ. ಮಳೆ ಹೊಡೆದು ರಸ್ತೆಯೆಲ್ಲ ನೀರಾಗಿ ಅವರು ನಡುದಾರಿಯಲ್ಲಿ ಸಿಕ್ಕಿಕೊಂಡಿದ್ದರು. ಮಿಂಚು ಬೀಳುವಾಗ ಆ ಕುರ್ಚಿಯನ್ನು ಖಾಲಿ ಬಿಟ್ಟು ಏಳುವಂತಿರಲಿಲ್ಲ. ಪರಮೇಶ ವಿಮಾನದಲ್ಲಿ ಕೂತಿದ್ದ, ಅವನ ಪಕ್ಕದ ನಿನ್ನ ಸೀಟು ಖಾಲಿ ಇತ್ತು, ಆ ವಿಮಾನವನ್ನು ನಿಲ್ಲಿಸಿದವಳೂ ನೀನೇ. ಸುಮಾರು ಮೂರು ತಾಸು. ಒಳಗೆ ಗಾಳಿಯಿಲ್ಲ, ಕೂಸುಗಳ ಅಳು, ಪೈಲಟ್ ಮಾತ್ರ 'ಟವರಿನವರು ಬಿಡುತ್ತಿಲ್ಲ' ಎಂದು ಮೇಲಿಂದ ಮೇಲೆ ಹೇಳುತ್ತಿದ್ದನಂತೆ. 'ಅಕ್ಕಾ, ಬಿಡು' ಎಂದು ಅವನು ನಿನಗೆ ನಾಲ್ಕು ಸಲ ಬರೆದು ಕಳಿಸಿದ. ಕಪಾಟಿನಲ್ಲಿದ್ದ ಫೋನು ಓದುತ್ತದೆಯೇ?

ಇಲ್ಲಿ ನಮ್ಮದು ಬೇರೆ ಪಾಡು. ಮೇ ತಿಂಗಳ ಬಿಸಿಲು, ಮುಗಿಲಿನಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿಲ್ಲ. ಹೈದರಾಬಾದಿನಲ್ಲಿ ಮಳೆಯೆಂದರೆ ಬಂದ ಬೀಗರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಮರುದಿನ ಅಮಾವಾಸ್ಯೆ. 'ಹೆಣಾ ಇಟಗೊಂಡು ಅಮಾಸಿ ಕರೀಬಾರ್ದು, ಹೊತ್ತು ಮುಳುಗೋದ್ರಾಗ ಮಣ್ಣಾಗಬೇಕು' ಎಂದು ದೊಡ್ಡಪ್ಪ ಬಂದ ಕೂಡಲೇ ಹೇಳಿಬಿಟ್ಟಿದ್ದರು. ಎರಡು ಗಂಟೆಯಾದರೂ ವಿಮಾನ ಅಲ್ಲೇ ನಿಂತಿದೆ ಎಂದು ಪರಮೇಶನ ಫೋನು ಬಂದಾಗ ಅವರಿಗೆ ಸಿಟ್ಟು ಬಂತು. 'ಟವರಿನ್ಯಾಗ ಕುಂತಾಕಿ ನಿನ್ನ ಮಗಳಲ್ಲೇನು? ತಮ್ಮ ಕುಂತ ವಿಮಾನಾ ಒಂದು ಬಿಡಾಕ ಬರಂಗಿಲ್ಲೇನು ಆಕಿಗೆ?' ಎಂದರು. ಹೆಣ ಎತ್ತುವ ತನಕ ಓಣಿಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಬೆಳಗಿನಿಂದ ಹದಿನಾಲ್ಕು ಮನೆಯಲ್ಲಿ ಗ್ಯಾಸೂ ಹತ್ತಿರಲಿಲ್ಲ. ಹುಸೇನಬೀಗೆ ನಾನೇ ಹೇಳಿದೆ, ನಿನ್ನ ಸೊಸೆ ದಿನ ತುಂಬಿದ ಬಸುರಿ, ನಿಮಗೆ ಈ ರೂಢಿ ಇಲ್ಲ, ಒಲೆ ಹಚ್ಚು ಎಂದು. 'ಪಕ್ಕೀರಣ್ಣ ಮನ್ಯಾಗ ಇರೋತನಕ ನಮ್ಮ ಒಲಿ ಹೆಂಗ ಹಚ್ಚಲಿ?' ಎಂದಳು. ಅತೀಯಾಗೆ ಎರಡು ಬಾಳೆಹಣ್ಣು ಕೊಟ್ಟಿದ್ದರು, ಅದನ್ನೂ ಕಾರಿಕೊಂಡು ನಮ್ಮ ಗೋಡೆಯ ನೆರಳಿಗೆ ಕೂತಿದ್ದಳು. ಅವಳನ್ನು ನೋಡಿ ನನಗೆ ಆ ಗೇಟು, ಆ ಎತ್ತಿನ ಗಾಡಿ ನೆನಪಾಯಿತು. ನೆನಪಾಯಿತು ಅಷ್ಟೇ, ಮತ್ತೇನೂ ಆಗಲಿಲ್ಲ.

ಮೂರು ಗಂಟೆಗೆ ಟವರಿನ ಫೋನಿನಿಂದ ನಿನ್ನ ಕರೆ ಬಂತು. ನಾನು ಅಡುಗೆಮನೆಗೆ ಹೋಗಿ ಮಾತಾಡಿದೆ. ಏನು ಹೇಳಿದೆ ಎಂಬುದು ನಿನಗೆ ಗೊತ್ತಿದೆ. ಹೊರಗೆ ಬರುವಷ್ಟರಲ್ಲಿ, ವಿಮಾನ ಇನ್ನೂ ಬಿಟ್ಟಿಲ್ಲ, ಯಾವಾಗ ಬಿಡುತ್ತಾರೋ ಗೊತ್ತಿಲ್ಲ ಎಂದು ಸುದ್ದಿಯಾಯಿತು. ನಾಲ್ಕಕ್ಕೆ ಎತ್ತಿದರು. ನಾನು, ರೇಣುಕಾ, ಎಲ್ಲರೂ ಹಿಂದೆ ಹೋದೆವು. ಪರಮೇಶ ಹುಬ್ಬಳ್ಳಿಯಲ್ಲಿ ಇಳಿದ ಕೂಡಲೇ ಮನೆಗೆ ಫೋನು ಮಾಡಿದನಂತೆ, ಎತ್ತಲು ಮನೆಯಲ್ಲಿ ಯಾರಿದ್ದರು? ಮಗ ಹಾಕಬೇಕಾದ ಮೊದಲ ಹಿಡಿ ಮಣ್ಣನ್ನು ದೊಡ್ಡಪ್ಪನೇ ಹಾಕಿದರು. ತಿರುಗಿ ಬಂದು ಎಲ್ಲರ ಮನೆಯಲ್ಲೂ ಸ್ನಾನಕ್ಕೆ ನೀರೊಲೆ ಹಚ್ಚಿದ್ದರು. ಆರೂಕಾಲಕ್ಕೆ ಪರಮೇಶನ ಕಾರು ಓಣಿಯ ಬಾಯಿಗೆ ಬಂತು. ಅವನು ಇಳಿದು ಮುಂದೆ ಬರಲಿಲ್ಲ, ಅಲ್ಲೇ ನಿಂತು ಮನೆಮನೆಯಿಂದ ಏಳುತ್ತಿದ್ದ ಹೊಗೆ ನೋಡಿದ. ಯಾರೂ ಅವನಿಗೆ ಬಾಯಿ ಬಿಟ್ಟು ಹೇಳಬೇಕಾಗಲಿಲ್ಲ. ಹೊತ್ತು ಮುಳುಗಲು ಇನ್ನೂ ಅರ್ಧ ತಾಸು ಇತ್ತು.

'ಯಾರು ಎತ್ತಂದ್ರು?' ಎಂದು ಕೇಳಿದ. ದೊಡ್ಡಪ್ಪ 'ವಿಮಾನ ಬಿಟ್ಟಿಲ್ಲಂತ ನಿಮ್ಮಕ್ಕನ ಫೋನು ಬಂದಿತ್ತಪ್ಪಾ, ನಾವರ ಎಷ್ಟೊತ್ತು ನೋಡೂಣು' ಎಂದರು. ಅಲ್ಲಿಂದಲೇ ಅವನು ನಿನಗೆ ಫೋನು ಹಚ್ಚಿದ. 'ನಿಲ್ಲಿಸಿದ್ದು ನಿನ್ನ ಕೆಲಸ, ಹೋಗ್ಲಿ. ಬಿಟ್ಟ ಮ್ಯಾಲರ ಖರೇ ಹೇಳಬೇಕಿಲ್ಲೇನು ಮನಿಗೆ? ಇನ್ನ ನಂಗ ಅಕ್ಕ ಇಲ್ಲ' ಎಂದ. ನಾನು ಎರಡು ಮಾರು ದೂರದಲ್ಲಿದ್ದೆ, ಬಟ್ಟೆ ಹಿಂಡುತ್ತಿದ್ದೆ. ನೀನು ಆ ಕಡೆ ಏನಂದೆಯೋ ನನಗೆ ಕೇಳಲಿಲ್ಲ. ಏನೂ ಅನ್ನಲಿಲ್ಲ ಎಂದು ಆಮೇಲೆ ಗೊತ್ತಾಯಿತು. ಮೂರನೆಯ ದಿನ ಹಾಲು ತುಪ್ಪಕ್ಕೆ ನೀನು ಬಂದೆ. ಮಣ್ಣಿನ ಗುಡ್ಡೆಗೆ ಕೈ ಮುಗಿದೆ, ತಮ್ಮ ಮುಖ ತಿರುಗಿಸಿದ, ಸಂಜೆಯ ಬಸ್ಸಿಗೆ ಹೋದೆ. ನನ್ನ ಮುಂದೆ ಒಂದು ತಾಸು ಕೂತಿದ್ದೆ, ಕೇಳಬೇಕಾದ್ದನ್ನು ಕೇಳಲಿಲ್ಲ. ನಾನೂ ಹೇಳಲಿಲ್ಲ. ನಿನ್ನ ಕೈಚೀಲಕ್ಕೆ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟೆ.

ತಮ್ಮನಿಗೆ ಅಪ್ಪನ ಮುಖ ಸಿಗಲಿಲ್ಲ ಎಂದು ಊರೇ ಮರುಗಿತು. ಅವತ್ತು ನಿನಗೂ ಸಿಗಲಿಲ್ಲ. ಅವನನ್ನಾದರೂ ಕಾರು ಇಲ್ಲಿಯ ತನಕ ತಂದಿತು, ನೀನು ಅಲ್ಲೇ ಕುರ್ಚಿಯಲ್ಲಿ ಕೂತು ಬೇರೆಯವರ ವಿಮಾನ ಇಳಿಸುತ್ತಿದ್ದೆ. ಇದನ್ನು ಹನ್ನೊಂದು ತಿಂಗಳಲ್ಲಿ ಯಾರೂ ಆಡಲಿಲ್ಲ, ಹೆತ್ತ ನಾನೂ ಆಡಲಿಲ್ಲ. ನನಗೆ ಇನ್ನೂ ಅಳು ಬಂದಿಲ್ಲ ಮಹೇಶ್ವರಿ. ಜನ ಗಟ್ಟಿ ಹೆಂಗಸು ಎನ್ನುತ್ತಾರೆ, ಅವರಿಗೇನು ಗೊತ್ತು. ನೀನಾದರೂ ಅತ್ತೆಯೋ ಇಲ್ಲವೋ? ಅಳು ಬಂದರೆ ತಡೆಯಬೇಡ.

ಗಂಗಾವತಿಯಿಂದ ಹೊಸ ಅಕ್ಕಿ ತರಿಸಿದ್ದೇನೆ, ಕಾರ್ಯಕ್ಕೆ ನಿನಗೆ ಸೇರುವ ಗೋಧಿ ಹುಗ್ಗಿಯನ್ನೂ ಮಾಡಿಸುತ್ತೇನೆ. ನಾಲ್ಕು ದಿನ ಮುಂಚೆ ರಜೆ ಹಾಕು, ಬಸ್ಸಿಗೇ ಬಾ. ರೇಣುಕಾ ನಮಸ್ಕಾರ ಹೇಳಿದ್ದಾಳೆ. ಹುಸೇನಬೀ ನಿನಗೆ ಸಲಾಮು ತಿಳಿಸಲು ಹೇಳಿ ಇಲ್ಲೇ ಕಟ್ಟೆಯ ಮೇಲೆ ಕಾಯುತ್ತಿದ್ದಾಳೆ, ಬರೆದೆ ಎಂದರೂ ನಂಬುವುದಿಲ್ಲ, ತೋರಿಸು ಅನ್ನುತ್ತಾಳೆ. ಅವಳಿಗೆ ಓದಲು ಬರುವುದಿಲ್ಲ. ಕೂತಲ್ಲಿ ನಿಂತಲ್ಲಿ ಆ ಹುಲಿಗೆಮ್ಮ ನಿನ್ನನ್ನು ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವ್ವ,
ಭೀಮಕ್ಕ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದೆ. ಶನಿವಾರ, ಪೋಸ್ಟು ಮುಚ್ಚುವುದರೊಳಗೆ ಮುಟ್ಟಿಸಬೇಕು, ಲಗೂನ ಬರೆಯುತ್ತೇನೆ. ಅವತ್ತು ಮೂರು ಗಂಟೆಗೆ ನೀನು ಹೇಳಿದ್ದು ನನಗೆ ಒಂದಕ್ಷರ ಬಿಡದೆ ನೆನಪಿದೆ. 'ವಿಮಾನ ಈಗ ಬಿಟ್ಟೀನವ್ವಾ. ತಮ್ಮ ಆರೂಕಾಲಕ್ಕ ಮನಿ ಮುಟ್ತಾನ. ಅಲ್ಲಿತನಕ ಅಪ್ಪನ್ನ ಎತ್ತಬ್ಯಾಡ್ರಿ' ಎಂದೆ. ನಾನು ಹೂಂ ಎಂದೆ. ಹೊರಗೆ ಬಂದು 'ಇನ್ನೂ ಬಿಟ್ಟಿಲ್ಲಂತ, ಎತ್ರಿ' ಎಂದವಳೂ ನಾನೇ. ಆರೂಕಾಲಕ್ಕೆ ಬರುತ್ತಾನೆ ಎಂದಿದ್ದರೆ ದೊಡ್ಡಪ್ಪ ಕಾಯುತ್ತಿದ್ದರು, ಓಣಿಯವರೂ ಹಸಿದುಕೊಂಡೇ ಕಾಯುತ್ತಿದ್ದರು. ಅತೀಯಾಳ ಸಲುವಾಗಿ ಹಾಗೆ ಮಾಡಿದೆ ಎಂದರೆ ಯಾರೂ ನನ್ನನ್ನು ಬೈಯುವುದಿಲ್ಲ, ಆದರೆ ಅದು ಅರ್ಧ ಮಾತು. ಬಿಸಿಲಿಗೆ ನಿಮ್ಮ ಅಪ್ಪನ ಮುಖ ಬದಲಾಗುತ್ತಿತ್ತು. ಇನ್ನೂ ಮೂರು ತಾಸು ಅದನ್ನು ನೋಡುತ್ತ ಕೂರುವುದು ನನ್ನಿಂದ ಆಗಲಿಲ್ಲ. ಆ ತಪ್ಪನ್ನು ನಿನ್ನ ತಲೆಗೆ ಕಟ್ಟಿದೆ. ನೀನು ತಮ್ಮನ ಬೈಗುಳ ತಿಂದೆ, 'ನಾ ಅವ್ವಗ ಹೇಳಿದ್ದೆ' ಎಂದು ಒಂದು ಸಲವೂ ಅನ್ನಲಿಲ್ಲ. ಗೇಟಿನವನ ಮಗಳು. ಇವತ್ತು ಬೆಳಿಗ್ಗೆ ಕಾಗದ ಮಡಚಿಟ್ಟ ಮೇಲೆ ಪರಮೇಶ ಉಣ್ಣಲು ಕೂತಾಗ ಎಲ್ಲವನ್ನೂ ಹೇಳಿದೆ. ಮುರಿದ ರೊಟ್ಟಿ ಕೈಯಲ್ಲೇ ಉಳಿಯಿತು. ಎದ್ದು ಚಪ್ಪಲಿ ಮೆಟ್ಟಿ ಓಣಿಯ ತನಕ ಹೋದ, ತಿರುಗಿ ಬಂದ, ನನ್ನ ಮುಖ ನೋಡದೆ 'ಅಕ್ಕನ ನಂಬರ್ ಕೊಡು' ಎಂದ. ಅವನ ಫೋನಿನಿಂದ ಅಳಿಸಿಬಿಟ್ಟಿದ್ದನಂತೆ. ಕೊಟ್ಟೆ. ಇವತ್ತು ಮಾಡುತ್ತಾನೋ, ವಾರ ಬಿಟ್ಟು ಮಾಡುತ್ತಾನೋ ನನಗೆ ಗೊತ್ತಿಲ್ಲ. ಅವನ ಫೋನು ಬಂದರೆ ಎತ್ತು ಮಗಳೇ. ನನ್ನದನ್ನು ಎತ್ತದಿದ್ದರೂ ನಡೆಯುತ್ತದೆ.